ಕರಿಬಂಡೆಯ ಬೆಂಕಿ

ಪಡುವಣ ಕಡಲಿಗೆ ಎದೆಗೊಟ್ಟು ನಿಂತಿದ್ದ ಮುತ್ತಳಿವೆಯ ರಾಜಧಾನಿಯು ಹಗಲಿನಲ್ಲಿ ಯಾವ ಮಹಾನಗರಕ್ಕೂ ಕಡಿಮೆಯಿರಲಿಲ್ಲ. ನದಿ ಕಡಲನ್ನು ಸೇರುವ ಅಳಿವೆಯ ಕಟ್ಟೆಯ ಮೇಲೆ ಮೆಣಸಿನ ಮೂಟೆಗಳು ಆನೆಯೆತ್ತರಕ್ಕೆ ಏರಿರುತ್ತಿದ್ದವು. ಅರಬರ ಹಡಗುಗಳಿಂದ ಇಳಿದ ಕುದುರೆಗಳು ಕಾಲಿಗೆ ನೆಲ ಸಿಕ್ಕಿದ ಸಂತೋಷಕ್ಕೆ ಕೆನೆಯುತ್ತಿದ್ದವು. ಬಸದಿಯ ಗಂಟೆಯ ನಾದವೂ ಒಣಮೀನಿನ ವಾಸನೆಯೂ ಒಂದೇ ಗಾಳಿಯಲ್ಲಿ ಜಗಳವಿಲ್ಲದೆ ತೇಲುತ್ತಿದ್ದವು. ಆದರೆ ಸೂರ್ಯನು ನೀರಿಗೆ ಇಳಿಯತೊಡಗಿದೊಡನೆ ಆ ನಗರದ ಪಡುವಣ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಮಹಾರಾಣಿ ಹೊನ್ನಲದೇವಿಯ ಹಡಗು ಅಳಿವೆಯ ಹೊರಗಿನ ಕರಿಬಂಡೆಗೆ ಬಡಿದು ಮುಳುಗಿದ ಮೇಲೆ ಬಂದ ರೂಢಿಯಿದು. ಮುಚ್ಚಂಜೆಯಲ್ಲಿ ಕಡಲ ಕಡೆಯಿಂದ ಕೂಗು ಕೇಳುತ್ತದೆಂದು ಜನ ಹೇಳುತ್ತಿದ್ದರು. ಯಾರ ಕೂಗೆಂದು ಕೇಳಿದರೆ ಮಾತ್ರ ದೀಪ ಹಚ್ಚುವ ನೆಪದಲ್ಲಿ ಎದ್ದು ಹೋಗುತ್ತಿದ್ದರು.

ಆ ಕೂಗು ಯಾರದೆಂದು ಬಲ್ಲವನು ಒಬ್ಬನೇ ಇದ್ದ. ಹಡಗಿಗೆ ದಾರಿ ತೋರುವವನನ್ನು ಆ ಕರಾವಳಿಯಲ್ಲಿ ಮಾಲುಮಿ ಎನ್ನುತ್ತಾರೆ. ಮಹಾರಾಣಿಯ ಹಡಗಿನ ಮಾಲುಮಿ ದೂಮಣ್ಣನು ಒಂದು ಹಲಗೆಯನ್ನು ತಬ್ಬಿಕೊಂಡು ಬದುಕಿ ಬಂದಿದ್ದ. ಅಳಿವೆಯ ಪಕ್ಕದ ಜ್ಯೋತಿಗುಡ್ಡದ ಮೇಲೆ ಉರಿಯುವ ಬೆಂಕಿಯನ್ನು ಎಡಗೈಗೆ, ಅಂದರೆ ಹಡಗಿನ ಎಡಬದಿಗೆ, ಇಟ್ಟುಕೊಂಡು ಒಳಗೆ ಬರಬೇಕೆಂಬುದು ಅಲ್ಲಿಯ ನಾವಿಕರ ಮೊದಲ ಪಾಠ. "ನಾನು ಬೆಂಕಿಯನ್ನು ಎಡಗೈಗೇ ಇಟ್ಟುಕೊಂಡಿದ್ದೆ" ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಕಣ್ಣು ಮಂಜಾಗಿದೆ, ಮುದುಕನಿಗೆ ಭ್ರಮೆ ಎಂದರು. ಕಡೆಗೆ ಅವನೂ ಹಾಗೆಯೇ ನಂಬಿದ.

ಆದರೆ ಅವನ ಕಿವಿಯಲ್ಲಿ ಉಳಿದದ್ದು ಬೇರೆಯೇ. ಹಡಗಿನ ಮೂತಿಯಲ್ಲಿ ನಿಂತು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಎಸೆದು, ಆಳ ಎಷ್ಟು ಮಾರು, ತಳದಲ್ಲಿ ಕೆಸರೋ ಕಲ್ಲೋ ಎಂದು ರಾಗವಾಗಿ ಕೂಗಿ ಹೇಳುತ್ತಿದ್ದವನು ತ್ಯಾಂಪ. ಪ್ರತಿ ಕೂಗಿಗೂ ಮಾಲುಮಿಯು "ಕೇಳಿದೆ" ಎಂದು ಉತ್ತರ ಕೊಡಬೇಕು. ಉತ್ತರ ಸಿಗುವತನಕ ಗುಂಡಿನವನು ಅದನ್ನೇ ಕೂಗುತ್ತಿರಬೇಕು. ಅದು ಹಡಗಿನ ಧರ್ಮ. ಅಂದು ತ್ಯಾಂಪನು "ನಾಲ್ಕು ಮಾರು, ಕಲ್ಲೂ..." ಎಂದು ಕೂಗಿದಾಗ, ಕಣ್ಣೆದುರು ಬೆಂಕಿ ಕಾಣುತ್ತಿದ್ದ ದೂಮಣ್ಣ ಉತ್ತರ ಕೊಡಲಿಲ್ಲ. ಗುಂಡು ಎಲ್ಲೋ ಒಂಟಿ ಕಲ್ಲಿಗೆ ತಗುಲಿರಬೇಕು ಎಂದುಕೊಂಡ. ಸತ್ತ ತ್ಯಾಂಪನು ಉತ್ತರಕ್ಕಾಗಿ ಇನ್ನೂ ಕೂಗುತ್ತಲೇ ಇದ್ದ. ಮುಚ್ಚಂಜೆ ತಪ್ಪುತ್ತಿರಲಿಲ್ಲ, ಕೂಗೂ ತಪ್ಪುತ್ತಿರಲಿಲ್ಲ. ಉತ್ತರ ಕೊಟ್ಟಮೇಲೆ ಚುಕ್ಕಾಣಿ ತಿರುಗಿಸಬೇಕು, ತಿರುಗಿಸಲು ಹಡಗೆಲ್ಲಿದೆ? ಹಾಗಾಗಿ ದೂಮಣ್ಣ ಕಿವಿ ಮುಚ್ಚಿಕೊಂಡು ಅಳುತ್ತಿದ್ದ.

ಇಂಥವನನ್ನು ರಾಜಪ್ರತಿನಿಧಿ ಸಾಂತಪ್ಪರಸನು ತುಂಬಿದ ಓಲಗಕ್ಕೆ ಕರೆಸಿದಾಗ ಜನ ಶೂಲವೇ ಸಿದ್ಧವಾಗಿದೆ ಎಂದುಕೊಂಡರು. ಸಾಂತಪ್ಪರಸನು ಸತ್ತ ರಾಣಿಯ ತಮ್ಮ. ಅವಳ ಮಗಳು ಪದುಮಲದೇವಿಗೆ ಸೋದರಮಾವ. ಹನ್ನೆರಡು ತುಂಬಿದ್ದ ಆ ಬಾಲೆಗೆ ಪಟ್ಟವಾಗುವವರೆಗೆ ರಾಜ್ಯ ಅವನ ಕೈಯಲ್ಲಿ. ಪಟ್ಟವಾಗದಿದ್ದರೆ ಎಂದೆಂದಿಗೂ ಅವನ ಕೈಯಲ್ಲಿ.

"ಮಾಲುಮಿ ದೂಮಣ್ಣನವರೇ, ನಡೆದುಹೋದದ್ದು ವಿಧಿ. ನಾವು ಕ್ಷಮಿಸಿದ್ದೇವೆ. ಕುಮಾರಿಯ ಕಡಲಯಾತ್ರೆಗೆ ತಾವೇ ಮಾಲುಮಿ. ಅಲ್ಲಿಯವರೆಗೆ ಅವಳಿಗೆ ವಿದ್ಯೆ ಕಲಿಸುವವರೂ ತಾವೇ" ಎಂದನು ಸಾಂತಪ್ಪರಸ.

ಓಲಗವೆಲ್ಲ ಧನ್ಯ ಧನ್ಯ ಎಂದಿತು. ಎಂಥ ಔದಾರ್ಯ! ಔದಾರ್ಯವು ಅತಿಯಾದಾಗ ಅದರ ಬುಡದಲ್ಲಿ ಏನಿದೆಯೆಂದು ಅಗೆದು ನೋಡುವ ಅಭ್ಯಾಸ ಓಲಗಗಳಿಗೆ ಎಂದೂ ಇರಲಿಲ್ಲ.

ಮುತ್ತಳಿವೆಯ ಕಡಲಯಾತ್ರೆ ಹೀಗೆ: ಪಟ್ಟವೇರುವವರು ದೋಣಿಯಲ್ಲಿ ಯಕ್ಷಿದ್ವೀಪಕ್ಕೆ ಹೋಗಿ ಪೂಜೆ ಸಲ್ಲಿಸಿ, ಹೊತ್ತು ಮುಳುಗಿದ ಮೇಲೆ ತಾವೇ ಚುಕ್ಕಾಣಿ ಹಿಡಿದು ಹಿಂದಿರುಗಬೇಕು. ಕಡಲಿನ ಅನ್ನ ಉಣ್ಣುವ ರಾಜ್ಯಕ್ಕೆ ಕಡಲಿನಲ್ಲಿ ದಾರಿ ಕಾಣದ ದೊರೆ ಬೇಡ. ಮಾಲುಮಿಯು ಜೊತೆಗಿರುತ್ತಾನೆ, ಆದರೆ ಕಣ್ಣಿಗೆ ಬಟ್ಟೆ, ಕೈಗೆ ಹಗ್ಗ, ಹಲ್ಲುಗಳ ನಡುವೆ ರಾಜಮುದ್ರೆಯ ಉಂಗುರ. ದಡದಲ್ಲಿ ಆ ಉಂಗುರವನ್ನು ಅವನು ಹೊಸ ದೊರೆಯ ಅಂಗೈಗೆ ಉಗುಳಬೇಕು. ನಡುವೆ ಒಂದೇ ಒಂದು ಮಾತಾಡಿದರೂ ಉಂಗುರ ಬಿತ್ತು, ಪಟ್ಟ ತಪ್ಪಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಹುಟ್ಟಿದ್ದು ಆ ದೋಣಿಯಲ್ಲೇ ಇರಬೇಕೆಂದು ಊರಿನವರು ತಮಾಷೆ ಮಾಡುತ್ತಿದ್ದರು.

ಪಾಠ ಕೋಟೆಯ ಕಡಲಮೆಟ್ಟಿಲ ಮೇಲೆ ನಡೆಯುತ್ತಿತ್ತು. ಪದುಮಲದೇವಿಯ ಜೊತೆಗೆ ಚೆನ್ನುವೆಂಬ ಹುಡುಗಿಯೂ ಕೂರುತ್ತಿದ್ದಳು. ತ್ಯಾಂಪನ ಮಗಳು; ತಂದೆ ಮುಳುಗಿದ ಮೇಲೆ ಅರಮನೆಯಲ್ಲಿ ಬೆಳೆಯುತ್ತಿದ್ದಳು. ಯಾತ್ರೆಯ ದೋಣಿಯಲ್ಲಿ ಗುಂಡು ಎಸೆಯುವವಳು ಅವಳೇ. ಅವಳು ಮೊದಲ ಸಲ ಆಳವನ್ನು ಕೂಗಿ ಹೇಳಿದ ದಿನ ದೂಮಣ್ಣನು ಮುಖ ತಿರುಗಿಸಿ ಬಹಳ ಹೊತ್ತು ಕುಳಿತಿದ್ದ. ಅದೇ ರಾಗ, ಕೊನೆಯಲ್ಲಿ ಅದೇ ಎಳೆತ.

"ಅಮ್ಮಣ್ಣೀ, ಕೈ ನೆಟ್ಟಗೆ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯನ್ನು ನೀರಿನ ಗೆರೆಯ ಮೇಲೆ ಇಟ್ಟರೆ ಧ್ರುವ ಅದಕ್ಕಿಂತ ತುಸು ಮೇಲೆ ಕಾಣಬೇಕು. ಕಂಡರೆ ನೀವು ನಮ್ಮೂರ ನೀರಿನಲ್ಲಿ ಇದ್ದೀರಿ."

"ಮೋಡವಿದ್ದರೆ, ಮಾಲುಮಿಯಜ್ಜ?"

"ಅಲೆ ಇದೆಯಲ್ಲ! ಪಡುವಣದಿಂದ ಬರುವ ದೊಡ್ಡ ಅಲೆ ನಿಮ್ಮ ಬೆನ್ನು ತಟ್ಟುತ್ತಿದ್ದರೆ ಮೂತಿ ಮನೆಯ ಕಡೆಗಿದೆ. ಸಂಜೆ ಹಕ್ಕಿ ಯಾವ ಕಡೆ ಹಾರುತ್ತದೆ ನೋಡಿ, ಅದಕ್ಕೂ ಮನೆಯಿದೆ. ಇನ್ನು ಈ ಗುಂಡು." ಅವನು ಸೀಸದ ಗುಂಡಿನ ತಳಕ್ಕೆ ಮೆತ್ತಿದ್ದ ಮೇಣವನ್ನು ತೋರಿಸಿದ. "ಅಳಿವೆಯ ಬಾಯಿಯಲ್ಲಿ ನದಿಯ ಕೆಸರು ಅಂಟುತ್ತದೆ. ಮರಳು ಅಂಟಿದರೆ ಎಚ್ಚರ. ಏನೂ ಅಂಟದೆ ಮೇಣ ತರಚಿದ್ದರೆ ಕಲ್ಲು."

ಒಂದು ದಿನ ಸಾಂತಪ್ಪರಸನು ಮೆಟ್ಟಿಲಿಳಿದು ಬಂದು, ಸೋದರಸೊಸೆಯ ತಲೆ ನೇವರಿಸಿ, ನಗುತ್ತ ನಿಂತನು. "ಮಾಲುಮಿಗಳೇ, ಹಸುಳೆಯ ತಲೆಗೆ ಇಷ್ಟೆಲ್ಲ ಏಕೆ ತುರುಕುತ್ತೀರಿ? ಬೆಂಕಿ ನೋಡಿಕೊಂಡು ಬಾ ಎಂದರೆ ಮುಗಿಯಿತು. ಬೆಂಕಿಯೊಂದನ್ನು ಬಿಟ್ಟು ಇನ್ನೇನನ್ನೂ ನಂಬಬಾರದೆಂದು ಹೇಳಿಕೊಡಿ. ಇದು ನಮ್ಮ ಅಪ್ಪಣೆ."

"ಆಗಲಿ, ಒಡೆಯಾ" ಎಂದು ಕೈ ಮುಗಿದ ದೂಮಣ್ಣನ ಕೈಗಳು ಮುಗಿದಲ್ಲೇ ಉಳಿದವು. ಸಾಂತಪ್ಪರಸನು ಮೆಟ್ಟಿಲು ಹತ್ತಿ ಮರೆಯಾದ ಮೇಲೂ ಇಳಿಯಲಿಲ್ಲ. ರಾಣಿಯ ಹಡಗು ಮುಳುಗಿದ ದಿನ ತನ್ನ ಕಣ್ಣು ಮಂಜಾಗಿರಲಿಲ್ಲ. ಬೆಂಕಿ ಇತ್ತು. ಗುಡ್ಡದ ಮೇಲಲ್ಲ, ಕರಿಬಂಡೆಯ ಮೇಲೆ ಇತ್ತು. ಅದನ್ನು ಯಾರೋ ಹೊತ್ತಿಸಿದ್ದರು. ಆ ಯಾರೋ ಈಗಷ್ಟೇ ನಗುತ್ತ ಹೋದರು. ತನ್ನನ್ನು ಕ್ಷಮಿಸಿದ್ದೂ ಇದಕ್ಕೇ. ಒಮ್ಮೆ ಹಡಗು ಮುಳುಗಿಸಿದವನು ಇನ್ನೊಮ್ಮೆ ದೋಣಿ ಮುಳುಗಿಸಿದರೆ ಯಾರು ತಾನೇ ಅನುಮಾನಪಟ್ಟಾರು?

ಹೇಳುವುದು ಯಾರಿಗೆ? ಬೇಲಿಯೇ ಎದ್ದು ಹೊಲ ಮೇಯುತ್ತಿದೆಯೆಂದು ಬೇಲಿಗೇ ದೂರು ಕೊಡಲಾದೀತೆ? ರಾಣಿಯನ್ನು ಕೊಂದವನೆಂದು ಊರೇ ಉಗಿಯುವ ಮುದುಕನ ಮಾತಿಗೆ ಸಾಕ್ಷಿಯೆಲ್ಲಿ? ಬಾಲೆಗೆ ಹೇಳಿದರೆ ಅವಳ ಮುಖವೇ ಮಾವನಿಗೆ ಎಲ್ಲವನ್ನೂ ಹೇಳಿಬಿಡುತ್ತದೆ. ಆಮೇಲೆ ಹಾಲಿನ ಬಟ್ಟಲಿನಲ್ಲೇ ಕೆಲಸ ಮುಗಿದೀತು. ಅವನಿಗೆ ಉಳಿದದ್ದು ಪಾಠವೊಂದೇ.

ಮರುದಿನ ಅವನು ಮಕ್ಕಳಿಬ್ಬರ ಅಂಗೈಗೂ ಹಿಡಿಹಿಡಿ ಅಳಿವೆಯ ಕೆಸರು ಹಾಕಿದ. "ಮೂಸಿ ನೋಡಿ. ನಾಲಗೆಗೂ ಹಚ್ಚಿಕೊಳ್ಳಿ. ಬೆಂಕಿಯನ್ನು ಮನುಷ್ಯ ಹೊತ್ತಿಸುತ್ತಾನೆ, ಮನುಷ್ಯನೇ ಆರಿಸುತ್ತಾನೆ. ಕಡಲಿನ ತಳವನ್ನು ಯಾವ ಮನುಷ್ಯನೂ ಎತ್ತಿ ಬೇರೆ ಕಡೆ ಇಡಲಾರ. ಬೆಂಕಿ ಒಂದು ಹೇಳಿ ಗುಂಡು ಇನ್ನೊಂದು ಹೇಳಿದರೆ..."

"ಗುಂಡನ್ನು ನಂಬಬೇಕು" ಎಂದಳು ಪದುಮಲದೇವಿ.

"ನಂಬಿದರೆ ಸಾಲದು, ಅಮ್ಮಣ್ಣೀ. ಉತ್ತರ ಕೊಡಬೇಕು." ಅವನು ಅವಳ ಕೆಸರುಗೈಯನ್ನು ಮುಷ್ಟಿ ಮಾಡಿಸಿದ. "ಉತ್ತರ ಕೊಡಲೇಬೇಕು."

ಯಾತ್ರೆಯ ಸಂಜೆ ಮೋಡ ಕವಿದು ಧ್ರುವನೂ ಕಾಣಲಿಲ್ಲ, ಹಕ್ಕಿಗಳೂ ಬೇಗನೆ ಗೂಡು ಸೇರಿದ್ದವು. ಪೂಜೆ ಮುಗಿಸಿ ದ್ವೀಪದಿಂದ ಹೊರಟ ದೋಣಿಯಲ್ಲಿ ಹುಟ್ಟು ಹಾಕುವವರು ದಡ ಮುಟ್ಟುವತನಕ ಬಾಯಿ ಬಿಡೆವೆಂಬ ಪ್ರತಿಜ್ಞೆಗೆ ಕಟ್ಟುಬಿದ್ದು ಮೌನವಾಗಿದ್ದರು. ಚುಕ್ಕಾಣಿಯಲ್ಲಿ ಪದುಮಲದೇವಿ, ಮೂತಿಯಲ್ಲಿ ಚೆನ್ನು, ನಡುವೆ ಕಣ್ಣುಕಟ್ಟಿದ ದೂಮಣ್ಣ. ಹಲ್ಲಿನ ನಡುವೆ ಉಂಗುರ ತಣ್ಣಗಿತ್ತು.

"ಬೆಂಕಿ ಕಾಣಿಸಿತು!" ಎಂದಳು ಪದುಮಲದೇವಿ, ಮಗುವಿನ ಹಿಗ್ಗಿನಿಂದ. "ಎಡಗೈಗೆ ಇಟ್ಟುಕೊಳ್ಳುತ್ತೇನೆ."

ದೋಣಿ ಸರಿಯಿತು. ಬೆನ್ನು ತಟ್ಟುತ್ತಿದ್ದ ಅಲೆ ಈಗ ಪಕ್ಕೆಗೆ ತಟ್ಟತೊಡಗಿತು. ದೂಮಣ್ಣನ ಮೈಯೆಲ್ಲ ಕಿವಿಯಾಯಿತು.

"ಎಂಟು ಮಾರು, ಕೆಸರೂ..." ಎಂದಳು ಚೆನ್ನು.

"ಕೇಳಿದೆ."

"ಆರು ಮಾರು, ಮರಳೂ..."

"ಕೇಳಿದೆ" ಎಂಬ ಉತ್ತರ ಈ ಸಲ ತಡವಾಗಿ ಬಂತು.

ದೂರದಲ್ಲಿ ಅಲೆ ಕಲ್ಲಿಗೆ ಒಡೆಯುವ ಸದ್ದು. ಮತ್ತೆ ಗುಂಡು ನೀರಿಗೆ ಬಿತ್ತು.

"ನಾಲ್ಕು ಮಾರು, ಕಲ್ಲೂ..."

ಅದು ಮಗಳ ದನಿಯೋ ತಂದೆಯ ದನಿಯೋ ದೂಮಣ್ಣನಿಗೆ ತಿಳಿಯಲಿಲ್ಲ. ಎರಡೂ ಒಂದೇ ರಾಗದಲ್ಲಿ, ಒಂದು ಮೂತಿಯಿಂದ, ಇನ್ನೊಂದು ನೀರಿನ ಕೆಳಗಿನಿಂದ ಬಂದವು. ಚುಕ್ಕಾಣಿಯಿಂದ ಉತ್ತರವಿಲ್ಲ. "ನಾಲ್ಕು ಮಾರು, ಕಲ್ಲೂ..." ಇನ್ನೂ ಉತ್ತರವಿಲ್ಲ. ಬಾಲೆ ಬೆಂಕಿಯನ್ನೇ ನೋಡುತ್ತಿದ್ದಾಳೆ, ಅಂದು ತಾನು ನೋಡಿದಂತೆ. ಒಂದು ಮಾತು ಆಡಿದರೆ ಅವಳ ಪ್ರಾಣ ಉಳಿಯುತ್ತದೆ. ಆದರೆ ಪಟ್ಟ ತಾಯಿಯನ್ನು ಕೊಂದವನ ಕೈಗೆ ಹೋಗುತ್ತದೆ, ಆಮೇಲೆ ಆ ಪ್ರಾಣವೂ ಎಷ್ಟು ದಿನ? ಆಡದಿದ್ದರೆ? ಅವನ ಗಂಟಲಿನವರೆಗೆ ಬಂದ "ಕೇಳಿದೆ" ಹಲ್ಲಿಗೆ ಬಡಿಯಿತು. ಅವನು ಉಂಗುರವನ್ನು ಕಚ್ಚಿದ. ದವಡೆಯಲ್ಲಿ ಏನೋ ಮುರಿಯಿತು, ಬಾಯಿ ತುಂಬ ರಕ್ತ ಬಂತು, ಅವನು ಇನ್ನೂ ಕಚ್ಚಿದ.

"ನಾಲ್ಕು ಮಾರು, ಕಲ್ಲು! ಅಮ್ಮಣ್ಣೀ!" ಎಂದು ಚೆನ್ನು ಚೀರಿದಳು.

"ಕೇಳಿದೆ!" ಎಂದಳು ಪದುಮಲದೇವಿ. ಚುಕ್ಕಾಣಿ ಕಿರುಗುಟ್ಟಿತು. "ಬೆಂಕಿ ಬಲಗೈಗೆ ಹೋಗಲಿ. ಕೆಸರು ಸಿಗುವತನಕ ಹುಟ್ಟು ಹಾಕಿ!"

ಅಲೆ ಪಕ್ಕೆಯನ್ನು ಬಿಟ್ಟು ಮತ್ತೆ ಬೆನ್ನಿಗೆ ಬಂತು.

ಅಳಿವೆಯ ಕಟ್ಟೆಯಿಂದ ಗುಡ್ಡದ ನೆತ್ತಿಯಾಗಲಿ ಕರಿಬಂಡೆಯಾಗಲಿ ಕಾಣುವುದಿಲ್ಲ. ಅಲ್ಲಿ ಪಂಜು ಹಿಡಿದು ನಿಂತಿದ್ದ ಪುರಜನರ ಮುಂದೆ ಸಾಂತಪ್ಪರಸನು ಸೂಕ್ತ ಸಮಯದಲ್ಲಿ ಅಳಲು ಸಿದ್ಧನಾಗಿದ್ದ. ಕತ್ತಲಿನಿಂದ ದೋಣಿ ಹೊರಬಂದಾಗ ಆ ಸಿದ್ಧತೆ ಅವನ ಮುಖದಲ್ಲೇ ಉಳಿದುಹೋಯಿತು.

ಪದುಮಲದೇವಿ ಇಳಿದು ನೇರವಾಗಿ ಅವನೆದುರು ನಿಂತಳು. "ಮಾವಯ್ಯನವರೇ, ಜ್ಯೋತಿಗುಡ್ಡದ ಬೆಂಕಿ ಕರಿಬಂಡೆಗೆ ಯಾವಾಗ ನಡೆದು ಹೋಯಿತು?"

ಜನ ಬೆಚ್ಚಿದರು. ಸಾಂತಪ್ಪರಸನು ಮಾತಿಗೆ ತಡಕಾಡಲಿಲ್ಲ. "ಈ ಬಾಲೆಗೆ ಬಂಡೆಯ ಗುರುತು ಹೇಗೆ ಸಿಕ್ಕಿತು? ಮಾಲುಮಿ ಮಾತಾಡಿದ್ದಾನೆ! ವ್ರತ ಕೆಟ್ಟಿದೆ, ಯಾತ್ರೆ ಅಸಿಂಧು!"

ಹುಟ್ಟಿನವರು ದೂಮಣ್ಣನನ್ನು ಎತ್ತಿ ತಂದರು. ಪದುಮಲದೇವಿ ಅಂಗೈ ಒಡ್ಡಿದಳು. ಅವನು ಬಾಯಿ ತೆರೆಯಲಾರದೆ ತೆರೆದ. ರಕ್ತದ ಜೊತೆಗೆ ಮುರಿದ ಹಲ್ಲುಗಳೂ ಉಂಗುರವೂ ಬಿದ್ದವು. ಪಂಜಿನ ಬೆಳಕಿನಲ್ಲಿ ವೃದ್ಧ ಪುರೋಹಿತರು ಅದನ್ನೆತ್ತಿ ನೋಡಿದರು. ಬಂಗಾರವು ಬಾಗಿತ್ತು, ಅದರ ಮೈಮೇಲೆ ಹಲ್ಲಿನ ಗುರುತುಗಳು ಆಳವಾಗಿ ಇಳಿದಿದ್ದವು.

"ಈ ಬಾಯಿ ಮಾತಾಡಿಲ್ಲ" ಎಂದರು ಅವರು.

ಜನ ಗುಡ್ಡ ಹತ್ತಿದಾಗ ಅಲ್ಲಿ ತಣ್ಣನೆಯ ಬೂದಿಯಿತ್ತು. ಕರಿಬಂಡೆಯಲ್ಲಿ ಸಿಕ್ಕವರು ಸಾಂತಪ್ಪರಸನ ಮನೆಯ ಆಳುಗಳು. ಅವರು ಅಂದಿನ ಬೆಂಕಿಯ ಜೊತೆಗೆ ಮಹಾರಾಣಿಯನ್ನು ಕೊಂದ ಬೆಂಕಿಯನ್ನೂ ಒಪ್ಪಿಕೊಂಡರು. ಸಾಂತಪ್ಪರಸನು ಉಳಿದ ಆಯುಷ್ಯವನ್ನು ಯಕ್ಷಿದ್ವೀಪದ ಸೆರೆಯಲ್ಲಿ, ಅದೇ ಕಡಲನ್ನು ನೋಡುತ್ತ ಕಳೆದನು. ಪಟ್ಟದ ದಿನ ಅಕ್ಕಸಾಲಿಗರು ಉಂಗುರವನ್ನು ತಿದ್ದಿಕೊಡುತ್ತೇವೆಂದಾಗ ಪದುಮಲದೇವಿ ಒಪ್ಪಲಿಲ್ಲ. ಹಲ್ಲಿನ ಗುರುತಿನ ಉಂಗುರವನ್ನೇ ತೊಟ್ಟಳು.

ಯಾತ್ರೆಯ ಮರುದಿನದ ಮುಚ್ಚಂಜೆ, ದವಡೆಗೆ ಬಟ್ಟೆ ಕಟ್ಟಿಕೊಂಡ ದೂಮಣ್ಣನು ಕಡಲಮೆಟ್ಟಿಲ ಕೊನೆಗೆ ಇಳಿದು ಕುಳಿತಿದ್ದ. ನಗರದ ಕಿಟಕಿಗಳು ಮುಚ್ಚಿಕೊಂಡವು. ನೀರಿನ ಮೇಲಿಂದ ಅದೇ ಕೂಗು ಬಂತು: ನಾಲ್ಕು ಮಾರು, ಕಲ್ಲೂ...

ಅವನು ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಬಟ್ಟೆಯನ್ನು ಸಡಿಲಿಸಿ, ನೋವಿನಿಂದ ತೊದಲುತ್ತ, ಕಡಲಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ.

"ಕೇಳಿದೆ, ತ್ಯಾಂಪಾ! ದೋಣಿ ತಿರುಗಿತು!"

ಆಮೇಲೆ ಅಲೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.