ಮೀನಿಗೆ ಹಾಕಿದ ಚುರುಮುರಿ

"ನೀರಿನ ಕ್ಯಾನ್ ಅಲ್ಲೇ ಮೂಲೇಲಿಡಿ ಅಣ್ಣ, ಖಾಲಿ ಕ್ಯಾನ್ ತಗೊಂಡ್ಹೋಗಿ," ಅಂದೆ, ತಲೆಯೆತ್ತದೆ.

"ಕುಡಿಯೋ ನೀರಲ್ರೀ ಮೇಡಂ ಇದು. ಕುಡಿದ್ರ ಬಾಯಾಗ ನೊರಿ ಬರ್ತೈತಿ."

ಆಗ ನೋಡಿದೆ. ನೀಲಿ ಕ್ಯಾನು ಹೆಗಲ ಮೇಲೆ, ಹಣೆಯ ಬೆವರು ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ, ಆದರೂ ನಗು. ಹಿಂದಿನ ರಸ್ತೆಯ ಸೋಪಿನ ಕಾರ್ಖಾನೆಯ ಕೆಮಿಸ್ಟ್ ಸಂಗಮೇಶ್. ಹೊಸದಾಗಿ ಮಾಡಿದ ನೊರೆ ಕೆಮಿಕಲ್‌ನ ಸ್ಯಾಂಪಲ್ ತಂದಿದ್ದ.

ನಾನು ಮಂಜುಶ್ರೀ. ಪೀಣ್ಯದ ಒಂದು ಟೆಸ್ಟಿಂಗ್ ಲ್ಯಾಬಿನ ಮೀನಿನ ರೂಮು ನನ್ನದು. ಶಾಂಪೂವಿಗೆ, ಪಾತ್ರೆ ತೊಳೆಯುವ ಲಿಕ್ವಿಡ್ಡಿಗೆ ನೊರೆ ಬರಿಸುವ ಕೆಮಿಕಲ್ ಕೆರೆ ಸೇರಿದರೆ ಅಲ್ಲಿಯ ಮೀನು ಬದುಕುತ್ತದೋ ಇಲ್ಲವೋ, ಅದನ್ನು ನೋಡಿ ಹೇಳುವುದು ಕೆಲಸ. ಮೀನು ಕೊಲ್ಲೋಕೆ ಸಂಬಳ ತಗೊಳ್ಳೋಳು ಅಂತ ಅಮ್ಮ ನೆಂಟರೆದುರು ಹೇಳುತ್ತಾಳೆ. ಅಮ್ಮನಿಗೆ ಬಾಯಿ ಜಾಸ್ತಿ.

"ಒಂದು ಬಾಟಲ್ ಸಾಕಿತ್ತಲ್ರೀ. ಇಷ್ಟೊಂದು ಯಾಕೆ?"

ಮುಂದಿನ ಸಲದಿಂದ ಅವನು ಪುಟ್ಟ ಬಾಟಲಿಯಲ್ಲಿ ತರತೊಡಗಿದ. ಪುಟ್ಟ ಬಾಟಲಿ ಬೇಗ ಖಾಲಿಯಾಗುತ್ತದೆ, ಮತ್ತೆ ಬರಬಹುದು. ಅಷ್ಟು ಅರ್ಥವಾಗದಷ್ಟು ಪೆದ್ದಿ ನಾನಲ್ಲ. ಬಾಟಲಿ ಸಾಲಲಿಲ್ಲ ಅಂತ ಫೋನ್ ಮಾಡುತ್ತಿದ್ದವಳೂ ನಾನೇ.

ಗಾಜಿನ ತೊಟ್ಟಿಯ ಆ ಕಡೆ ಅವನು ಕೂರುತ್ತಿದ್ದ, ಈ ಕಡೆ ನಾನು.

"ಮೀನು ನೋಡ್ರೀ, ನನ್ನಲ್ಲ."

"ಮೀನನ್ನ ನೋಡಾಕತ್ತೀನ್ರಿ. ಅದು ಹೋಗಿ ನಿಮ್ಮ ಮೂಗಿನ ಮುಂದ ನಿಂತ್ರ ನಾ ಏನ್ ಮಾಡ್ಲಿ?"

ನಗು ಬಂತು. ತಡೆದುಕೊಂಡೆ. ತಡೆದುಕೊಂಡದ್ದೂ ಅವನಿಗೆ ಕಂಡಿತು.

ಮನೆಯಲ್ಲಿ ವಿಷಯ ಹೇಳಿದೆ. ಅಪ್ಪ ಲಕ್ಷ್ಮಯ್ಯನಿಗೆ ಬಾಗಲಗುಂಟೆಯಲ್ಲಿ ಬಾಡಿಗೆ ರೂಮುಗಳಿವೆ, ಬಾಡಿಗೆಗಿರುವವರೆಲ್ಲ ಸಂಗಮೇಶನ ಸೀಮೆಯವರೇ.

"ಅವ್ರಿಗೆ ರೂಮ್ ಕೊಡ್ಬೋದು ಕಣಮ್ಮಿ, ಮಗಳನ್ನ ಎಂಗೆ ಕೊಡದು? ಅದೂ ಕಾಂಟ್ರ್ಯಾಕ್ಟ್ ಕೆಲ್ಸ. ಮೊದ್ಲು ಪರ್ಮನೆಂಟ್ ಆಗ್ಲಿ, ಆಮ್ಯಾಕೆ ಮಾತಾಡನ."

ಅಪ್ಪನ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು. ಅತ್ತ ಇಳಕಲ್ಲಿನಲ್ಲಿ ಸಂಗಮೇಶನ ಅವ್ವ ತನ್ನ ಅಣ್ಣನ ಮಗಳನ್ನು ಸೊಸೆ ಮಾಡಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದಳು. ಪರ್ಮನೆಂಟ್ ಆದರೆ ಇಲ್ಲೇ ಮದುವೆ, ಇಲ್ಲದಿದ್ದರೆ ಊರಿಗೆ ಬಂದು ಆ ಹುಡುಗಿಯ ಕೈ ಹಿಡಿಯುತ್ತೇನೆ ಅಂತ ಅವನು ಅವ್ವನಿಗೆ ಮಾತು ಕೊಟ್ಟಿದ್ದ. ಕಾರ್ಖಾನೆಯಲ್ಲಿ ಹೊಸ ಕೆಮಿಕಲ್ ತಯಾರಿಸುವ ಲೈನ್ ಶುರುವಾದರೆ ಅವನು ಪರ್ಮನೆಂಟ್. ಮೀನಿಗೆ ತೊಂದರೆಯಿಲ್ಲ ಎಂದು ನನ್ನ ರಿಪೋರ್ಟ್ ಹೇಳಿದರೆ ಲೈನ್ ಶುರು. ಬದುಕ್ರಪ್ಪಾ ಅಂತ ನಾನು ಮೀನುಗಳಿಗೆ ಕೈ ಮುಗಿದೆ.

ಕಡೆಯ ಟೆಸ್ಟು ನಾಲ್ಕು ದಿನದ್ದು. ಸಾಲಾಗಿ ತೊಟ್ಟಿಗಳು, ಒಂದಕ್ಕಿಂತ ಒಂದರಲ್ಲಿ ಕೆಮಿಕಲ್ ಹೆಚ್ಚು. ಒಂದರಲ್ಲಿ ಮಾತ್ರ ಬರೀ ನೀರು. ಮೀನು ತಾನಾಗಿ ಚೆನ್ನಾಗಿದೆಯೋ ಎಂದು ತಿಳಿಯಲು. ಮುಗಿಯುವವರೆಗೆ ಯಾವ ತೊಟ್ಟಿಗೂ ಆಹಾರ ಹಾಕುವಂತಿಲ್ಲ. ಕಂಪನಿಯವರೊಬ್ಬರು ಸಾಕ್ಷಿಯಾಗಿ ಕೂರಬೇಕು. ಬಂದವನು ಅವನೇ.

ಮೂರನೆಯ ದಿನ ಬೆಳಗ್ಗೆ ಬಾಗಿಲು ತೆಗೆದಾಗ, ಎಲ್ಲಕ್ಕಿಂತ ಕಡಿಮೆ ಕೆಮಿಕಲ್ ಇದ್ದ ತೊಟ್ಟಿಯಲ್ಲೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಿವಿರು ಕೆಂಪಗೆ ಕಿತ್ತುಬಂದಿತ್ತು. ಸಂಗಮೇಶ್ ಬಗ್ಗಿ ನೋಡಿದ.

ಮಧ್ಯಾಹ್ನ ಡಬ್ಬಿ ತೆಗೆದೆ, ಹಾಗೇ ಮುಚ್ಚಿಟ್ಟೆ. ಎದ್ದು ಬಂದರೆ, ಬರೀ ನೀರಿನ ತೊಟ್ಟಿಯಲ್ಲಿ ಕಡ್ಲೆಪುರಿ ತೇಲುತ್ತಿದೆ! ಸಂಗಮೇಶನ ಕೈಯಲ್ಲಿ ಪೊಟ್ಟಣ.

"ಏನ್ರೀ ಮಾಡಿದ್ರಿ ಇದು? ಊಟ ಹಾಕಂಗಿಲ್ಲ ಅಂತ ಬಡ್ಕೊಂಡಿರ್ಲಿಲ್ವಾ?"

"ಇವಷ್ಟ ಉಳಿದಾವ್ರಿ. ಹಸದಾವು. ನಾಕ ಕಾಳು ಚುರುಮುರಿ... ಕೈ ತಡೀಲಿಲ್ಲ ಮೇಡಂ."

ಸಿಟ್ಟು ನೆತ್ತಿಗೇರಿತು. ಮರುಗಳಿಗೆಯಲ್ಲೇ ಇನ್ನೊಂದು ಹೊಳೆಯಿತು. ಆಹಾರ ಬಿದ್ದದ್ದನ್ನು ರಿಪೋರ್ಟಿನಲ್ಲಿ ಬರೆದರೆ ಇಡೀ ಟೆಸ್ಟೇ ರದ್ದು. ಕಂಪನಿ ಬೇರೆ ಲ್ಯಾಬಿಗೆ ಹೋಗುತ್ತದೆ, ತನಗೆ ಬೇಕಾದ ಉತ್ತರ ತರುತ್ತದೆ. ಬರೆಯಬೇಕೆಂಬುದು ನಿಯಮ ಕೂಡ. ಯಾರೂ ನನ್ನನ್ನು ತಪ್ಪು ಅನ್ನುವಂತಿರಲಿಲ್ಲ.

"ಬರೀತೀನಿ," ಅಂದೆ. ಧ್ವನಿ ನಡುಗಿತು, ಖುಷಿಗೆ. "ಟೆಸ್ಟ್ ಕ್ಯಾನ್ಸಲ್ ಆಗತ್ತೆ. ನಿಮ್ಮ ಸಾಹೇಬ್ರು ಬಯ್ಯಲ್ಲ, ಸ್ವೀಟ್ ಹಂಚ್ತಾರೆ. ನೀವು ಇಲ್ಲೇ ಇರ್ತೀರಿ."

ಅವನು ತೊಟ್ಟಿಯಿಂದ ಒಂದೊಂದೇ ಕಾಳು ಹೆಕ್ಕುತ್ತಿದ್ದ. "ಬರೀಬ್ಯಾಡ್ರಿ."

"ತಲೆ ಕೆಟ್ಟಿದೆಯಾ ನಿಮಗೆ?"

"ಮೀನ ಸತ್ತಿದ್ದು ಮುಂಜಾನೆ. ನಾ ಹಾಕಿದ್ದು ಈಗ, ಅದೂ ಬರೇ ನೀರಿಗೆ. ಸುಳ್ಳೇನೈತ್ರಿ ಇದ್ರಾಗ? ದಿನಾ ಸಂಜಿಗೆ ಕೆಮಿಕಲ್ ಕುದಿಸೋ ವೆಸಲ್ ತೊಳಿಯಾಂವ ನಾನು. ಆ ನೀರು ಕಾಲುವಿಗೆ ಬೀಳ್ತೈತಿ, ಕಾಲುವಿ ಕೆರಿಗೆ. ಇನ್ನ ಮ್ಯಾಲ ಗೊತ್ತಿದ್ದೂ ಹೆಂಗ ಬಿಡ್ಲಿ?"

"ಮತ್ತೆ ನಾವು?"

ಅವನು ಕಾಳು ಹೆಕ್ಕುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ. ಕಣ್ಣು ತುಂಬಿಕೊಂಡಿದ್ದನ್ನು ಮುಚ್ಚಿಕೊಳ್ಳಲಿಲ್ಲ.

ನಾನು ಬರೆಯಲಿಲ್ಲ. ಕೆರೆಗೋಸ್ಕರ ಅಂತ ದೊಡ್ಡ ಮಾತಾಡಲಾರೆ. ಅವನ ಮುಖ ನೋಡಿ ಬರೆಯಲಿಲ್ಲ, ಅಷ್ಟೇ. ಜಲಚರಗಳಿಗೆ ತೀವ್ರ ಅಪಾಯ ಎಂದು ರಿಪೋರ್ಟ್ ಹೋಯಿತು. ಲೈನ್ ನಿಂತಿತು. ಅವನ ಕಾಂಟ್ರ್ಯಾಕ್ಟ್ ಮುಗಿಯಿತು, ಮತ್ತೆ ಯಾರೂ ಕರೆಯಲಿಲ್ಲ.

ಅವನು ಊರಿಗೆ ಹೊರಟ ದಿನವೇ ನಮ್ಮ ಬಾಸ್ ದೇವರಾಜ್ ಸರ್ ನನ್ನ ಟೇಬಲ್ ಹತ್ತಿರ ಬಂದರು.

"ಆ ನೊರೆ ಕಂಪನಿಯೋರು ಬೇರೆ ಎಲ್ಲೋ ಪಾಸ್ ಮಾಡಿಸ್ಕೊಂಡ್ರಂತೆ ಕಣಮ್ಮ. ಸೋಮವಾರ ಲೈನ್ ಶುರು. ನಿಮ್ಮ ಹುಡುಗನ ವಿಷ್ಯ ನಾನೇ ಮಾತಾಡ್ದೆ. ನಾಳೆ ಬಂದು ಸೇರಿದ್ರೆ ಪರ್ಮನೆಂಟ್, ಇಲ್ಲಾಂದ್ರೆ ಇನ್ಯಾರನ್ನೋ ತಗೋತಾರೆ. ಬೇಗ ಹೇಳು ಹೋಗು."

ಫೋನಿನಲ್ಲಿ ಹೇಳುವ ಮಾತಲ್ಲ, ಓಡಿದೆ. ಊರಿನ ಬಸ್ಸು ಹಿಡಿಯಲು ಅವನು ಮೆಟ್ರೋದಲ್ಲಿ ಹೋಗುವವನಿದ್ದ. ಆಟೋದವನನ್ನು ಅವಸರಪಡಿಸಿ, ಟಿಕೆಟ್ ತೆಗೆದು, ನಾಗಸಂದ್ರ ಮೆಟ್ರೋದ ಮೆಟ್ಟಿಲು ಹತ್ತಿದೆ. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಪ್ಲಾಟ್‌ಫಾರಂ ಕೊನೆಯಲ್ಲಿ ಬ್ಯಾಗಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದ. ಇಷ್ಟು ದಿನದಲ್ಲಿ ಎಷ್ಟು ಇಳಿದುಹೋಗಿದ್ದ!

ನಾನು ಬಾಯಿ ತೆರೆಯುವ ಮೊದಲು ಅವನೇ ಕೇಳಿದ. "ಅದು ನಿಂತ್‌ ಹೋತಲ್ರೀ ಮೇಡಂ? ಇನ್ನ ಶುರು ಮಾಡಂಗಿಲ್ಲಲ್ಲ?"

ಎಷ್ಟು ಆಸೆಯಿಂದ ಕೇಳಿದ! ಕೆಲಸ, ಈ ಊರು, ನಾನು, ಎಲ್ಲ ಕಳೆದುಕೊಂಡವನ ಕೈಯಲ್ಲಿ ಉಳಿದದ್ದು ಅದೊಂದೇ.

ಹೇಳಿದರೆ ಬರುತ್ತಿದ್ದ. ನನಗಾಗಿ ಖಂಡಿತ ಬರುತ್ತಿದ್ದ. ದಿನಾ ಸಂಜೆ ಆ ನೀರನ್ನು ಕಾಲುವೆಗೆ ಬಿಟ್ಟು, ಮನೆಗೆ ಬಂದು, ನನ್ನ ಮುಖ ನೋಡದೆ ಉಣ್ಣುತ್ತಿದ್ದ.

"ನಿಂತೋಯ್ತು," ಅಂದೆ. "ಪೂರ್ತಿ ನಿಂತೋಯ್ತು ಕಣ್ರೀ."

ಅವನ ಮುಖ ಅರಳಿತು. ರೈಲು ಬಂತು. ಬ್ಯಾಗೆತ್ತಿಕೊಂಡವನು, ಮೊದಲ ಸಲ ನನ್ನ ಹೆಸರು ಹಿಡಿದು ಕರೆದ.

"ಮಂಜು, ನೀ ಅಂದ್ರ ನನಗ ಭಾಳ ಜೀವ. ಅಳಬ್ಯಾಡ. ಸುಮ್ಮನ ಏನೂ ಕಳಕೊಂಡಿಲ್ಲ ನಾವು."

"ಹೂಂ," ಅಂದೆ. ಬಾಗಿಲು ಮುಚ್ಚುವವರೆಗೂ ಹೂಂ ಅನ್ನುತ್ತಲೇ ಇದ್ದೆ.