ಹರಿವಾಣದಲ್ಲಿ ಏಳು ಅಕ್ಷರ

ಶುಕ್ರವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಡೊಂಬಿವಲಿ ಪೂರ್ವದ ಪೊಲೀಸ್ ಸ್ಟೇಷನ್ನಿಗೆ ಬಂದ ಶ್ರೀಲಕ್ಷ್ಮಿ, ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಸಾನಪಾಡಾದಿಂದ ಬಂದೆ. ಇಲ್ಲಿ ಅಮ್ಮನ ಮನೆಯಲ್ಲಿ ಬೆಳಿಗ್ಗೆ ಪಪ್ಪಾ ಹೋಗಿಬಿಟ್ಟರು. ತುಟಿಯ ಒಳಗೆ ಗಾಯ ಇದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ಕೊಡ್ತಾ ಇಲ್ಲ. ಸ್ನಾನ ಮಾಡಿಸೋಕೆ ಬರುವ ಮನೀಷ್ ಮೇಲೆ ನನಗೆ ಡೌಟ್."

"ಕಾಯಿಲೆ ಇತ್ತೆ?" ಇನ್‌ಸ್ಪೆಕ್ಟರ್ ಸೋನಾಲಿ ಜಾಧವ್ ಕೇಳಿದರು.

"ಲಕ್ವಾ ಹೊಡೆದು ಮಾತು ನಿಂತಿತ್ತು. ಆದರೆ ಹುಷಾರಾಗ್ತಾ ಇದ್ದರು, ಮ್ಯಾಡಮ್. ನೋಡಿ."

ಅವಳ ಫೋನಿನಲ್ಲಿ ತಾಯಿ ದಿನಕ್ಕೊಂದರಂತೆ ಕಳಿಸಿದ ಫೋಟೋಗಳಿದ್ದವು. ಎಲ್ಲದರಲ್ಲೂ ಒಂದೇ ಸ್ಟೀಲಿನ ಹರಿವಾಣ, ಅದರಲ್ಲಿ ಪ್ಲಾಸ್ಟಿಕ್ಕಿನ ಇಂಗ್ಲಿಷ್ ಅಕ್ಷರಗಳು. ದಿನಾ ಏಳು ಅಕ್ಷರ ಕೊಡಿ, ಅದರೊಳಗಿನ ಪದ ಅವರೇ ಹುಡುಕಲಿ ಎಂದು ಮಾತಿನ ಚಿಕಿತ್ಸೆಯ ಡಾಕ್ಟರ್ ಹೇಳಿದ್ದರು. ತಂದೆ ಮುರಾರಿ ಉಪಾಧ್ಯರು ಮುಂಬಯಿಯ ಇಂಗ್ಲಿಷ್ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವರು. ತುಳು, ಕನ್ನಡ ಎರಡೂ ನಾಲಿಗೆಯಿಂದ ಜಾರಿದ ಮೇಲೂ ಇಂಗ್ಲಿಷಿನ ಅಚ್ಚಕ್ಷರವನ್ನು ಕಣ್ಣು ಮರೆತಿರಲಿಲ್ಲ.

ಅಕಸ್ಮಾತ್ ಮರಣದ ವರದಿ ದಾಖಲಾಯಿತು. ಸೋನಾಲಿಯವರ ಜೊತೆ ಹವಾಲ್ದಾರ್ ಲತೀಶ್ ಕೋಟ್ಯಾನ್ ಮನೆಗೆ ಹೋದ. ಅವನಿಗೆ ಸತ್ತವರ ಪರಿಚಯವಿತ್ತು. ಕನ್ನಡ ಸಂಘದ ತಾಳಮದ್ದಳೆಯಲ್ಲಿ ಸಂಧಾನದ ಕೃಷ್ಣನಾಗಿ ಅವರು ಅರ್ಥ ಹೇಳುವಾಗ ಸಭೆ ಕೆಮ್ಮನ್ನೂ ತಡೆದುಕೊಂಡು ಕೂತಿರುತ್ತಿತ್ತು. ಆ ಬಾಯಿ ಈಗ ಅರ್ಧ ತೆರೆದಿತ್ತು.

ಪಂಚರನ್ನು ಕರೆಸಿ ಪಂಚನಾಮೆ ಬರೆದರು. ಬಾಗಿಲಿನ ಚಿಲಕ ಸರಿಯಿತ್ತು. ಬಾಲ್ಕನಿಯ ಹಗ್ಗದಲ್ಲಿ ಒಂದೇ ಒಂದು ದಿಂಬಿನ ಹೊದಿಕೆ ಒಣಗುತ್ತಿತ್ತು. ಹಾಸಿಗೆಯ ಮೇಲಿನ ದಿಂಬು ಬೆತ್ತಲೆಯಾಗಿತ್ತು. ಎರಡನ್ನೂ ವಶಕ್ಕೆ ತೆಗೆದುಕೊಂಡರು. ಹೆಂಡತಿ ವಸಂತಿ ದೇವರ ಕೋಣೆಯ ಹೊಸ್ತಿಲಿಗೆ ಒರಗಿ ಕೂತಿದ್ದರು.

"ಕಡೆಯ ಸಲ ಯಾವಾಗ ಮಾತಾಡಿಸಿದ್ದು, ಅಮ್ಮ?" ಲತೀಶ್ ಕೇಳಿದ.

"ಬೆಳಿಗ್ಗೆ ಕಾಫಿ ಕೊಡಲಿಕ್ಕೆ ಹೋದೆ. ಆಗಲೇ ತಣ್ಣಗಾಗಿದ್ದರು ಮಾರಾಯ."

"ಇವತ್ತು ಅಕ್ಷರ ಇಟ್ಟಿರಲಿಲ್ಲವೇ?"

ವಸಂತಿ ದೇವರ ಕಡೆ ಮುಖ ತಿರುಗಿಸಿದರು. ಫೋನ್ ಕೇಳಿದಾಗ ಕೊಟ್ಟರು.

ಮಧ್ಯಾಹ್ನ ಶವಪರೀಕ್ಷೆಯ ಪ್ರಾಥಮಿಕ ಅಭಿಪ್ರಾಯ ಬಂತು: ಮೂಗು, ಬಾಯಿಯ ಮೇಲೆ ಮೆತ್ತನೆಯದೇನನ್ನೋ ಒತ್ತಿ ಉಸಿರುಗಟ್ಟಿಸಲಾಗಿದೆ. ಅಪರಿಚಿತ ವ್ಯಕ್ತಿಯ ವಿರುದ್ಧ ಕೊಲೆಯ ಎಫ್‌ಐಆರ್ ಆಯಿತು.

ಮನೀಷ್ ಕಲ್ಯಾಣದಲ್ಲಿ ಇನ್ನೊಬ್ಬ ರೋಗಿಯ ಮನೆಯಲ್ಲಿದ್ದ. ಹಿಂದಿನ ಸಂಜೆಯಿಂದಲೂ ಅಲ್ಲೇ ಇದ್ದನೆಂದು ಆ ಕಟ್ಟಡದ ಕ್ಯಾಮೆರಾ ಹೇಳಿತು.

"ನಾಳೆ ಬರಬೇಡ ಅಂತ ವಸಂತಿ ಕಾಕಿಯೇ ನಿನ್ನೆ ಹೇಳಿದ್ದು, ಸಾಹೇಬ್," ಎಂದ.

"ಕಾಕಾ ಪದ ಜೋಡಿಸುವುದನ್ನು ನೋಡಿದ್ದೀಯಾ?" ಲತೀಶ್ ಕೇಳಿದ.

ಮನೀಷ್ ನಗುವುದೋ ಬಿಡುವುದೋ ತಿಳಿಯದೆ ಅವನ ಮುಖ ನೋಡಿದ. "ಯಾವ ಪದ? ಮಳೆಗಾಲದಲ್ಲಿ ಎರಡನೇ ಸಲ ಲಕ್ವಾದ ಅಟ್ಯಾಕ್ ಆದ ಮೇಲೆ ಅವರು ಕೈಯನ್ನೇ ಎತ್ತಿಲ್ಲ."

ಸ್ಟೇಷನ್ನಿಗೆ ಮರಳಿ ಲತೀಶ್ ಎರಡು ಫೋನುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡ. ಮೊದಲ ಫೋಟೋಗಳಲ್ಲಿ ಸಣ್ಣ ಪದಗಳು: ರೈಸ್, ವಾಟರ್, ಟ್ರೈನ್. ಮಳೆಗಾಲದ ನಂತರ ಪದಗಳು ಉದ್ದವಾಗಿದ್ದವು. ಒಂದರಲ್ಲಿ ಎಟೀಸಿಯನ್ ಎಂದಿತ್ತು. ಯಾವುದೋ ದೂರದ ಸಮುದ್ರದ ಗಾಳಿಯ ಹೆಸರಂತೆ.

"ನನ್ನ ಇಂಗ್ಲಿಷ್ ಲೋಕಲ್ ಟ್ರೇನಿನ ಬೋರ್ಡಿಗೆ ಮುಗಿಯುತ್ತದೆ, ಮ್ಯಾಡಮ್. ನೀವೇ ನೋಡಿ."

ಸೋನಾಲಿ ನೋಡಿದರು. ವಸಂತಿಯವರ ಫೋನಿನಲ್ಲಿ ಒಂದು ವೆಬ್‌ಸೈಟ್ ಮತ್ತೆ ಮತ್ತೆ ತೆರೆದಿತ್ತು. ಅಕ್ಷರಗಳನ್ನು ಹಾಕಿದರೆ ಅವುಗಳಲ್ಲಿ ಅಡಗಿರುವ ಪದಗಳನ್ನೆಲ್ಲ ಅದು ಕೊಡುತ್ತದೆ. ಮೊದಮೊದಲು ಫೋಟೋ ತೆಗೆದ ಮೇಲೆ ಹುಡುಕಾಟ: ಗಂಡ ಜೋಡಿಸಿದ್ದು ಸರಿಯೇ ಎಂದು ಇಂಗ್ಲಿಷ್ ಬಾರದ ಹೆಂಡತಿ ಪರೀಕ್ಷಿಸಿದ್ದರು. ಎರಡನೇ ಆಘಾತದ ನಂತರ ಕ್ರಮ ತಿರುಗಿತ್ತು. ಹುಡುಕಾಟ ಮೊದಲು, ಫೋಟೋ ಆಮೇಲೆ.

"ಅಂದರೆ ಪದ ಹುಡುಕಿದ್ದು ಉಪಾಧ್ಯರಲ್ಲ," ಎಂದರು ಸೋನಾಲಿ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಲೋಕನಾಥ ಹೇಳಿಕೆ ಕೊಡಲು ಬಂದರು. ಕೈಯಲ್ಲಿ ಭಾನುವಾರದ ಸಮಾರಂಭದ ಆಮಂತ್ರಣವಿತ್ತು.

"ಶ್ರೀಲಕ್ಷ್ಮಿ ಫೋಟೋಗಳನ್ನು ಸಂಘದ ಗ್ರೂಪಿಗೆ ಹಾಕುತ್ತಿದ್ದಳು. ಅದನ್ನು ನೋಡಿ ನಾವೇ ಸನ್ಮಾನ ಇಟ್ಟುಕೊಂಡೆವು. ಶಾಲು, ಪೇಟ, ಹಣ್ಣುಹಂಪಲು. ವೇದಿಕೆಯ ಮೇಲೆ ಏಳು ಅಕ್ಷರ ಕೊಡುವುದು, ಎಲ್ಲರೆದುರು ಅವರೊಂದು ಪದ ಮಾಡಿ ತೋರಿಸುವುದು. ಎಷ್ಟು ಜನಕ್ಕೆ ಧೈರ್ಯ ಬರುತ್ತದೆ, ಹೇಳಿ!"

"ವಸಂತಿಯವರು ಒಪ್ಪಿದ್ದರಾ?"

"ಬೇಡ, ಅವರಿಂದ ಆಗುವುದಿಲ್ಲ ಅಂದರು. ಸನ್ಮಾನ ಅಂದರೆ ನಮ್ಮವರು ಮೊದಲು ಬೇಡ ಅನ್ನುವುದೇ ಅಲ್ಲವೇ? ಸಂಕೋಚ ಅಂದುಕೊಂಡು ಹೆಸರು ಅಚ್ಚು ಹಾಕಿಸಿದೆವು."

ಸೂರ್ಯಾಸ್ತದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಶನಿವಾರ ಬೆಳಗಾದ ಮೇಲೆ ಮಹಿಳಾ ಕಾನ್‌ಸ್ಟೆಬಲ್ ಒಬ್ಬರನ್ನು ಕರೆದುಕೊಂಡು ಹೋದರು. ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ವಸಂತಿ ದೇವರಿಗೆ ದೀಪ ಹಚ್ಚಿರಲಿಲ್ಲ, ಸೂತಕ.

"ಮನೀಷ್‌ಗೆ ಬರಬೇಡ ಅಂದದ್ದು ಯಾಕಮ್ಮ?" ಲತೀಶ್ ಮೆಲ್ಲನೆ ಕೇಳಿದ.

"ಅವನ ಮೇಲೆ ಬರಬಾರದು ಅಂತ. ಆದರೂ ಬಂತು, ಪಾಪ."

ಪೊಲೀಸರೆದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಸೋನಾಲಿ ಲತೀಶನ ಮೂಲಕ ಹೇಳಿಸಿದರು. ವಸಂತಿ ತಲೆಯಾಡಿಸಿದರು, ಆದರೆ ಮಾತು ನಿಲ್ಲಿಸಲಿಲ್ಲ.

"ಮೊದಲು ಒಂದು ದಿನಕ್ಕೆ ಅಂತ ನಾನೇ ಪದ ಜೋಡಿಸಿದ್ದು, ಮಗಾ. ಫೋಟೋ ಬಾರದಿದ್ದರೆ ಅವಳು ಕೆಲಸ ಬಿಟ್ಟು ಓಡಿ ಬರುತ್ತಾಳೆ. ಮರುದಿನ ಇವರೇ ಮಾಡಿಯಾರು ಅಂತ ಕಾದೆ. ದಿನಾ ಇಟ್ಟೆ. ಇವರು ಮೋಡ ನೋಡಿದ ಹಾಗೆ ನೋಡುತ್ತಿದ್ದರು."

"ಮಗಳಿಗೆ ಹೇಳಿಬಿಡಬಹುದಿತ್ತಲ್ಲ?"

"ಹೇಳಿದರೆ ಅವಳ ಅಪ್ಪ ಮತ್ತೊಮ್ಮೆ ಸಾಯುತ್ತಿದ್ದರು. ಆಮಂತ್ರಣ ಇವರ ಮುಂದೆ ಹಿಡಿದೆ. ಉಳಿದದ್ದೇನೂ ತಿಳಿಯದವರಿಗೆ ಅದು ತಿಳಿಯಿತು, ನೋಡು. ಕಣ್ಣಿನಿಂದ ನೀರು ಇಳಿಯಿತು. ಕೃಷ್ಣನ ಅರ್ಥ ಹೇಳಿದ ಬಾಯಿ. ಅದೇ ಸಭೆಯಲ್ಲಿ ಅದು ಜೊಲ್ಲು ಸುರಿಸಿಕೊಂಡು ಕೂರುವುದನ್ನು ನೋಡಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ."

ಹರಿವಾಣ ಮತ್ತು ಅಕ್ಷರದ ಚೀಲವನ್ನು ಸಾಕ್ಷ್ಯದ ಮುದ್ದೆಮಾಲೆಂದು ಸೀಲು ಮಾಡಿದರು. ಕೆಳಗೆ ಜೀಪು ಹತ್ತುವಾಗ ವಸಂತಿ ಲತೀಶನ ತೋಳು ಹಿಡಿದರು.

"ಒಂದು ಉಪಕಾರ ಮಾಡು. ನಾನೇ ಕೊಂದದ್ದು ಅಂತ ಶ್ರೀಲಕ್ಷ್ಮಿಗೆ ಹೇಳು. ಪದದ ಸಂಗತಿ ಮಾತ್ರ ಹೇಳಬೇಡ. ಅದೆಲ್ಲ ಅವಳ ಅಪ್ಪನೇ ಮಾಡಿದ್ದು ಅಂತಿರಲಿ."

ದೂರು ಕೊಟ್ಟವಳು ಶ್ರೀಲಕ್ಷ್ಮಿಯೇ. ಫೋಟೋಗಳು ಪ್ರಕರಣದ ಮೊದಲ ಸಾಕ್ಷ್ಯ. ಹನ್ನೊಂದು ಗಂಟೆಗೆ ಅವಳ ಪೂರಕ ಹೇಳಿಕೆ ಬರೆದುಕೊಳ್ಳಬೇಕಿತ್ತು. ಒಂದೊಂದನ್ನೂ ಅವಳ ಮುಂದಿಟ್ಟು ಕೇಳಬೇಕಾದವನು ಲತೀಶನೇ.

ಅವನು ವಸಂತಿಯವರ ಕೈಯನ್ನು ಮೆಲ್ಲನೆ ಬಿಡಿಸಿ ಜೀಪಿನ ಬಾಗಿಲು ಹಾಕಿದ.