ಮುಚ್ಚಿದ ಕೋಣೆಯ ಹೇಳಿಕೆ

ಸೋಮವಾರ ಬೆಳಿಗ್ಗೆ ಶಿರಹಟ್ಟಿ ಠಾಣೆಗೆ ಬಂದ ವಾಣಿಶ್ರೀ, ಪಿಎಸ್‌ಐ ಕೊಟ್ರೇಶನ ಮೇಜಿನ ಮೇಲೆ ಮೊಬೈಲನ್ನು ಬೋರಲಾಗಿ ಇಟ್ಟಳು. ತೋರಿಸಲೂ ನಾಚಿಕೆ. ಗದಗಿನ ಕೌಟುಂಬಿಕ ನ್ಯಾಯಾಲಯದಲ್ಲಿ, ಮುಚ್ಚಿದ ಕೋಣೆಯಲ್ಲಿ, ಅವಳು ಕೊಟ್ಟಿದ್ದ ವಿಚ್ಛೇದನದ ಹೇಳಿಕೆ ಅವಳ ತವರೂರು ಬೆಳ್ಳಟ್ಟಿಯ ವಾಟ್ಸಾಪ್ ಗುಂಪಿಗೆ ಬಂದಿತ್ತು. ಗಂಡನ ತಂದೆ ತನ್ನ ಮೈಮೇಲೆ ಕೈ ಹಾಕಿದ್ದನ್ನು ಅವಳು ನ್ಯಾಯಾಧೀಶರ ಹೊರತು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವಳ ಮರುಮದುವೆಗೆ ಮಾತಾಡಿ ಹೋಗಿದ್ದ ಮುಂಡರಗಿಯ ಗಂಡಿನ ಕಡೆಯವರು ಆಗಲೇ ಸಂಬಂಧ ಬೇಡವೆಂದಿದ್ದರು.

ಎಫ್‌ಐಆರ್ ದಾಖಲಾಯಿತು. ಕಳಿಸಿದ ನಂಬರು ಬಂದ್ ಆಗಿತ್ತು. ಕಾನ್‌ಸ್ಟೆಬಲ್ ಮರ್ದಾನಸಾಬ ಮೊದಲು ಹಳೆಯ ಗಂಡನನ್ನೇ ಕರೆತಂದ. ಸ್ವಂತ ಅಪ್ಪನ ಮಾನ ಯಾರಾದರೂ ಬೀದಿಗೆ ಹಾಕುತ್ತಾರೇನು ಎಂದು ಆ ಮನುಷ್ಯ ಕೇಳಿದ. ಅವನಿಗೆ ಎರಡು ಬಿಡಬೇಕೆಂದು ಕೊಟ್ರೇಶನ ಕೈ ತುರಿಸುತ್ತಿತ್ತು. ಆದರೆ ಮಾತು ಸುಳ್ಳಲ್ಲ.

ಗುಂಪಿಗೆ ಬಂದ ಹಾಳೆಯ ಫೋಟೊದ ಮೂಲೆಯಲ್ಲಿ ನ್ಯಾಯಾಲಯದ ನಕಲು ವಿಭಾಗದ ಮುದ್ರೆ ಕಾಣುತ್ತಿತ್ತು. ಕೊಟ್ರೇಶ ಗದಗಿಗೆ ಹೋಗಿ ವಿಚಾರಿಸಿದ. ಈ ಕಡತಕ್ಕೆ ಎರಡು ಅರ್ಜಿ ಬಂದಿದ್ದವು. ಮೊದಲನೆಯದು ಮಾಹಿತಿ ಹಕ್ಕಿನಡಿ, ಸಿದ್ದಲಿಂಗೇಶ ಎಂಬವನದು. ಅದು ಗೋಪ್ಯ ದಾಖಲೆ, ಮೂರನೆಯವರಿಗೆ ಕೊಡಲಾಗದು, ಪಕ್ಷಗಾರರು ಮಾತ್ರ ನಕಲು ಪಡೆಯಬಹುದು ಎಂದು ಅಧಿಕಾರಿ ಹಿಂಬರಹ ಕೊಟ್ಟಿದ್ದರು. ಕಾನೂನು ಬಾಗಿಲು ಮುಚ್ಚುತ್ತಲೇ ಹಿತ್ತಿಲ ದಾರಿ ತೋರಿಸಿತ್ತಲ್ಲ ಎಂದು ಕೊಟ್ರೇಶನ ಮೈ ಉರಿಯಿತು. ಮರುವಾರದ ಅರ್ಜಿ ವಾಣಿಶ್ರೀಯ ಹೆಸರಲ್ಲೇ ಇತ್ತು, ಜೊತೆಗೆ ಅವಳ ಆಧಾರ್ ಝೆರಾಕ್ಸ್.

ಸಹಿ ತನ್ನದಲ್ಲ ಎಂದಳು ವಾಣಿಶ್ರೀ.

"ಝೆರಾಕ್ಸ್ ಯಾರಿಗೆ ಕೊಟ್ಟಿದ್ದೆವ್ವಾ?"

"ರೇಷನ್ ಕಾರ್ಡಿಗೆ ಅಂತ ನಮ್ಮಣ್ಣ ಸಿದ್ದಲಿಂಗೇಶ ಇಸ್ಕೊಂಡಿದ್ದರಿ," ಎಂದವಳು ಅರ್ಜಿಯ ಸಹಿಯನ್ನು ಮತ್ತೊಮ್ಮೆ ನೋಡಿದಳು.

ಬೆಳ್ಳಟ್ಟಿಯ ಅವನ ಬೀಜದ ಅಂಗಡಿಯಲ್ಲಿ ಪಂಚನಾಮೆ ನಡೆದು ಆ ಬಂದ್ ಆದ ನಂಬರಿನ ಸಿಮ್ ಸಿಕ್ಕಿತು. ಸಿದ್ದಲಿಂಗೇಶ ಓಡಲಿಲ್ಲ.

"ಯಾಕ ಮಾಡಿದಿ?"

"ಗಂಡನ್ನ ಬಿಟ್ಟ ಬಂದಾಕಿ ಅಂತ ಕಟ್ಟಿ ಮ್ಯಾಲೆ ಕುಂತವ್ರೆಲ್ಲಾ ಆಡ್ಕೊತಿದ್ರು ಸಾಹೇಬ್ರ. ತಪ್ಪು ಆಕೀದಲ್ಲಂತ ಊರಿಗೆ ತೋರಸಬೇಕಾಗಿತ್ತು."

ಅವನು ತೋರಿಸಿದ್ದನ್ನು ಊರು ನೋಡಿತು. ನೋಡಿ, ಈಗ ಅವಳನ್ನೇ ನೋಡುತ್ತಿತ್ತು. ತಂಗಿಯ ಮೇಲಿನ ಮಮತೆ ಎಷ್ಟು, ಕಟ್ಟೆಯ ಮೇಲೆ ತಲೆ ಎತ್ತಿ ಕೂರುವ ಹಂಬಲ ಎಷ್ಟು ಎಂದು ಬೇರೆ ಮಾಡಿ ಬರೆಯಲು ದೋಷಾರೋಪ ಪಟ್ಟಿಯಲ್ಲಿ ಜಾಗವಿಲ್ಲ.

ಠಾಣೆಯಲ್ಲಿ ವಾಣಿಶ್ರೀ ಅಣ್ಣನ ಎದುರು ನಿಂತಳು.

"ಮಾವ ಮಾಡಿದ್ದು ನಿನಗ ಹೇಳಿದ್ರ ಕೊಡ್ಲಿ ಹಿಡ್ಕೊಂಡು ಹೊಂಡ್ತಿ, ಜೈಲಿಗೆ ಹೋಗ್ತಿ ಅಂತ ಹೇಳಿರಲಿಲ್ಲ. ಕೋರ್ಟಿಗೆ ಎರಡು ಸಲ ಕೇಳಿದಿ. ನನ್ನ ಒಮ್ಮಿನೂ ಕೇಳಲಿಲ್ಲಲ್ಲೋ ಅಣ್ಣಾ."

ಬಂಧನದ ಸುದ್ದಿ ರಕ್ತಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕು. ಅಪ್ಪ ಅವ್ವ ತೀರಿಹೋಗಿದ್ದರು, ಅವನಿಗೆ ಅವಳೊಬ್ಬಳೇ. ಮರ್ದಾನಸಾಬ ಅಳುಕುತ್ತಲೇ ಕಾಗದ ಮುಂದಿಟ್ಟ. ವಾಣಿಶ್ರೀ ಕಣ್ಣೊರೆಸಿಕೊಂಡು ಪೆನ್ನು ತೆಗೆದುಕೊಂಡಳು. ಆ ಪ್ರಕರಣದಲ್ಲಿ ಅವಳ ಹೆಸರಿನ ಖರೆ ಸಹಿ ದೂರಿನಲ್ಲೊಂದು, ಇಲ್ಲೊಂದು.